ಉತ್ಸವವೋ, ಬಿರುದಿನ ಸಂತೆಯೋ?

ಚಲಚ್ಚಿತ್ರವನ್ನು ತಯಾರಿಸುವುದು ಒಂದು ಕಾಲದಲ್ಲಿ ಧನಿಕರಿಗೆ ಮಾತ್ರ ಸಾಧ್ಯವಾದ ಕಾರ್ಯವಾಗಿದ್ದಿತು. ಈಗ ಕಿಸೆಯಲ್ಲಿ ಅಡಗುವ ಫೋನಿನಿಂದಲೇ ಚಿತ್ರವನ್ನು ಹಿಡಿದು, ಮನೆಯ ಕಂಪ್ಯೂಟರಿನಲ್ಲಿಯೇ ಜೋಡಿಸಿ ಮುಗಿಸುವಷ್ಟು ಅನುಕೂಲವೊದಗಿರುವುದರಿಂದ, ಜಿಲ್ಲೆ ತಾಲ್ಲೂಕುಗಳ ಊರುಗಳಲ್ಲಿಯೂ ಹವ್ಯಾಸಿ ಚಿತ್ರನಿರ್ಮಾತೃಗಳು ಕಾಣಿಸಿಕೊಳ್ಳುತ್ತಿರುವರು. ಶಾಲೆಯ ಉಪಾಧ್ಯಾಯನೊಬ್ಬನು, ಬ್ಯಾಂಕಿನ ಗುಮಾಸ್ತನೊಬ್ಬನು, ಕಾಲೇಜು ಮುಗಿಸಿದ ತರುಣಿಯೊಬ್ಬಳು ರಜೆಯ ದಿನಗಳಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಇಪ್ಪತ್ತು ನಿಮಿಷದ ಚಿತ್ರವೊಂದನ್ನು ಸಿದ್ಧಪಡಿಸುವರು. ಇಷ್ಟರವರೆಗೆ ಎಲ್ಲವೂ ಸಂತೋಷದ ವಿಷಯವೇ. ಆದರೆ ಚಿತ್ರವು ಮುಗಿದ ಮರುದಿನ, ಇದನ್ನು ಯಾರಿಗೆ ತೋರಿಸುವುದು ಎಂಬ ಪ್ರಶ್ನೆ ಏಳುತ್ತದೆ; ದುಃಖವು ಅಲ್ಲಿಂದ ಆರಂಭವಾಗುತ್ತದೆ.

ಚಿತ್ರಮಂದಿರದವರು ಅದನ್ನು ಮುಟ್ಟುವುದಿಲ್ಲ. ಊರಿನಲ್ಲಿ ತೋರಿಸಲು ಸ್ಥಳವಿಲ್ಲ. ಆಗ ಆ ಹವ್ಯಾಸಿಯು, ಹೆಸರಿನಲ್ಲಿ ಒಂದೊಂದು ಮಹಾನಗರವನ್ನು ಧರಿಸಿಕೊಂಡಿರುವ 'ಅಂತರರಾಷ್ಟ್ರೀಯ' ಉತ್ಸವಗಳಿಗೆ ಅಂತರ್ಜಾಲದ ಮೂಲಕ ಶುಲ್ಕ ಕಟ್ಟಿ ಚಿತ್ರವನ್ನು ಕಳುಹಿಸುವನು. ಹತ್ತು ಕಡೆಗೆ ಸಾವಿರದಂತೆ ಕಟ್ಟಿದರೆ ಹತ್ತು ಸಾವಿರ ರೂಪಾಯಿ ಹೋಯಿತು. ಶುಲ್ಕ ಕೇಳುವ ಉತ್ಸವಗಳೆಲ್ಲವೂ ಮೋಸವಲ್ಲ. ಪ್ರಾಮಾಣಿಕವಾಗಿ ನಡೆಯತಕ್ಕವೂ ಅವುಗಳಲ್ಲಿ ಉಂಟು. ಆದರೆ ಸಭಾಂಗಣವೂ ಪ್ರೇಕ್ಷಕರೂ ಇಲ್ಲದೆ, ತಿಂಗಳಿಗೊಮ್ಮೆ ಡಜನುಗಟ್ಟಲೆ ಬಿರುದುಗಳನ್ನು ಹಂಚತಕ್ಕ ಉತ್ಸವಗಳೂ ಕಡಮೆಯಿಲ್ಲ. ಸ್ಥಾಲೀಪುಲಾಕನ್ಯಾಯವೆಂಬುದು ಪ್ರಸಿದ್ಧವಾಗಿದೆ: ಅನ್ನವು ಬೆಂದಿತೋ ಇಲ್ಲವೋ ಎಂದು ತಿಳಿಯಲು ಅಡಿಗೆಯವನು ಒಂದು ಅಗುಳನ್ನು ಹಿಚುಕಿ ನೋಡುವನು. ಈ ಬಿರುದಿನ ವ್ಯಾಪಾರಿಗಳಾದರೋ ಪಾತ್ರೆಯ ಮುಚ್ಚಳವನ್ನೇ ತೆಗೆಯದೆ 'ಪಾಕವು ಅಮೋಘ'ವೆಂದು ಪತ್ರ ಬರೆದುಕೊಡುವರು. ಎಲೆಗಳ ಮಾಲೆಯನ್ನು ಮುದ್ರಿಸಿದ ಆ ಪತ್ರವನ್ನು ಹವ್ಯಾಸಿಯು ಭಿತ್ತಿಪತ್ರಕ್ಕೆ ಅಂಟಿಸಿಕೊಳ್ಳುವನು, ಊರಿನವರು ಅಭಿನಂದಿಸುವರು, ಚಿತ್ರವನ್ನು ಮಾತ್ರ ಒಬ್ಬರೂ ನೋಡಿರುವುದಿಲ್ಲ. ಹೀಗೆ ನಾಲ್ಕು ವರ್ಷ ಕಳೆದ ತರುಣನಿಗೆ ಹಣವೂ ಹೋಗಿ, ತನ್ನ ಕೆಲಸದ ಗುಣದೋಷವೂ ತಿಳಿಯದೆ, ಕೊನೆಗೆ ಕ್ಯಾಮರಾವನ್ನು ಮಾರಿ ಕೈ ತೊಳೆದುಕೊಳ್ಳುವ ಪ್ರಸಂಗ ಬರುತ್ತದೆ. ನಷ್ಟವು ಅವನೊಬ್ಬನದೇ ಅಲ್ಲ. ಅವನಿದ್ದ ಊರಿನದೂ ಹೌದು.

ಇದಕ್ಕೆ ಪರಿಹಾರವು ಅವನ ಕೈಯಲ್ಲಿಯೇ ಇದೆ. ತನ್ನ ಊರಿನಲ್ಲಿಯೇ, ನೆರೆಹೊರೆಯ ರಾಷ್ಟ್ರಗಳ ಚಿತ್ರಗಳನ್ನು ಬರಮಾಡಿಕೊಂಡು, ಎರಡು ದಿನದ ಚಿಕ್ಕ ಉತ್ಸವವನ್ನು ತಾನೇ ನಡೆಸತಕ್ಕದ್ದು. ಆದರೆ ಈ ಮಾತನ್ನು ಎತ್ತಿದ ಕೂಡಲೇ ಸಭ್ಯರಾದ ಹಿರಿಯರಿಂದ ಮೂರು ಆಕ್ಷೇಪಗಳು ಬರುತ್ತವೆ. ಹವ್ಯಾಸಿಗೆ ಉತ್ಸವವನ್ನು ನಡೆಸುವ ಅಧಿಕಾರವೆಲ್ಲಿಯದು ಎಂಬುದೊಂದು. ಸ್ವದೇಶದ ಚಿತ್ರಗಳೇ ಬೇಕಾದಷ್ಟಿರುವಾಗ ನೆರೆರಾಷ್ಟ್ರಗಳ ಚಿತ್ರಗಳೇಕೆ ಎಂಬುದೆರಡು. ತಾರೆಯರೂ ಬಹುಮಾನಗಳೂ ಇಲ್ಲದಿದ್ದರೆ ಜನರು ಬರುವರೇ ಎಂಬುದು ಮೂರು. ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ.

ಮೊದಲನೆಯದು ಅಧಿಕಾರದ ಪ್ರಶ್ನೆ. ಕಲ್ಕತ್ತೆಯಲ್ಲಿ 1947ರಲ್ಲಿ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಸತ್ಯಜಿತ್ ರಾಯ್ ಒಬ್ಬರು. ಆಗ ಅವರು ಜಾಹೀರಾತು ಕಂಪೆನಿಯೊಂದರಲ್ಲಿ ಚಿತ್ರ ಬರೆಯುವ ನೌಕರರು. ಒಂದು ಚಲಚ್ಚಿತ್ರವನ್ನೂ ಮಾಡಿದ್ದಿಲ್ಲ. 'ಪಥೇರ್ ಪಾಂಚಾಲಿ' ಹೊರಬಂದುದು 1955ರಲ್ಲಿ. ಅದಕ್ಕೆ ಛಾಯಾಗ್ರಾಹಕರಾದ ಸುಬ್ರತ ಮಿತ್ರರು ಅದಕ್ಕೆ ಮುನ್ನ ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರಲ್ಲ. ಸಿಂಹಳದ ಲೆಸ್ಟರ್ ಜೇಮ್ಸ್ ಪೀರಿಸ್ ಅವರು ಲಂಡನ್ನಿನಲ್ಲಿ ಪತ್ರಿಕಾವೃತ್ತಿಯಲ್ಲಿದ್ದಾಗ ಹವ್ಯಾಸಿಯಾಗಿ ಕಿರುಚಿತ್ರಗಳನ್ನು ತೆಗೆದವರು. ಅವರೇ 1956ರಲ್ಲಿ 'ರೇಖಾವ'ವನ್ನು ನಿರ್ಮಿಸಿದರು. ಅವರ 'ಗಂಪೆರಳಿಯ'ಕ್ಕೆ 1965ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸ್ವರ್ಣಮಯೂರವು ದೊರೆಯಿತು. ಇವರಾರೂ ಮೊದಲು ಅಧಿಕಾರಪತ್ರವನ್ನು ಪಡೆದು ಅನಂತರ ಕೆಲಸಕ್ಕೆ ಕೈಯಿಟ್ಟವರಲ್ಲ; ನೋಡಿ, ತೋರಿಸಿ, ಮಾತಾಡಿ ಅಧಿಕಾರವನ್ನು ಸಂಪಾದಿಸಿದವರು.

2004ರಲ್ಲಿ ಮುಂಬಯಿಯಲ್ಲಿ ನಡೆದುದನ್ನೂ ಇಲ್ಲಿ ನೆನೆಯಬಹುದು. ಸರ್ಕಾರದ ವತಿಯಿಂದ ನಡೆಯುವ ಸಾಕ್ಷ್ಯಚಿತ್ರಗಳ ಉತ್ಸವಕ್ಕೆ ಭಾರತೀಯ ಚಿತ್ರಗಳು ಸೆನ್ಸಾರ್ ಪ್ರಮಾಣಪತ್ರವನ್ನು ತರಬೇಕೆಂಬ ನಿಯಮವು ಮೊದಲು ಹೊರಟಿತು. ವಿರೋಧ ಬಂದಮೇಲೆ ಅದು ಹಿಂದೆಗೆಯಲ್ಪಟ್ಟಿತು. ಆದರೂ ಗಣ್ಯವಾದ ಅನೇಕ ಚಿತ್ರಗಳು ಆಯ್ಕೆಯಲ್ಲಿ ಬಿದ್ದುಹೋದುವು. ಆಗ ಚಿತ್ರನಿರ್ಮಾತೃಗಳು ದೂರುತ್ತ ಕೂಡಲಿಲ್ಲ. 'ವಿಕಲ್ಪ'ವೆಂಬ ಹೆಸರಿನಿಂದ ತಮ್ಮದೇ ಉತ್ಸವವನ್ನು ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ನಡೆಸಿದರು. ಇಂಥ ಕೆಲಸಕ್ಕೆ ಅಧಿಕಾರವನ್ನು ಕೊಡುವವರು ಯಾರೆಂದು ಕೇಳುವುದಾದರೆ, ಅದನ್ನು ಹೊತ್ತು ನಡೆಸುವ ಶ್ರಮವೇ ಎಂದು ಉತ್ತರ.

ಎರಡನೆಯ ಆಕ್ಷೇಪವು ಮೊದಲನೆಯದಕ್ಕಿಂತ ಗುರುತರವಾದುದು. ಏಕೆಂದರೆ ಅದು ದೇಶಾಭಿಮಾನದ ವೇಷವನ್ನು ಧರಿಸಿ ಬರುತ್ತದೆ. ಅದರ ಸ್ವರೂಪವನ್ನು ಒಂದು ದೃಷ್ಟಾಂತದಿಂದ ಅರಿಯಬಹುದು. 1959ರಲ್ಲಿ ಪಾಕಿಸ್ತಾನದಲ್ಲಿ 'ಜಾಗೋ ಹುವಾ ಸವೇರಾ' ಎಂಬ ಚಿತ್ರವು ತಯಾರಾಯಿತು. ಬಂಗಾಳಿ ಕಾದಂಬರಿಕಾರ ಮಾಣಿಕ್ ಬಂದ್ಯೋಪಾಧ್ಯಾಯರ ಕೃತಿಯೇ ಅದಕ್ಕೆ ಪ್ರೇರಣೆ. ಬರೆದವರು ಉರ್ದು ಕವಿ ಫೈಜ್ ಅಹಮದ್ ಫೈಜ್; ನಿರ್ದೇಶಕರು ಎ. ಜೆ. ಕಾರ್ದಾರ್; ಚಿತ್ರೀಕರಣ ನಡೆದುದು ಢಾಕಾದ ಸಮೀಪದ ಮೀನುಗಾರರ ಹಳ್ಳಿಯಲ್ಲಿ; ಮುಖ್ಯ ಪಾತ್ರದಲ್ಲಿ ನಟಿಸಿದವರು ಭಾರತದ ತೃಪ್ತಿ ಮಿತ್ರ; ಸಂಗೀತವು ಭಾರತದವರೇ ಆದ ತಿಮಿರ ಬರನ್ ಅವರದು. ಈ ಚಿತ್ರವನ್ನು 2016ರಲ್ಲಿ ಮುಂಬಯಿಯ ಉತ್ಸವವೊಂದರಲ್ಲಿ ತೋರಿಸುವುದೆಂದು ಗೊತ್ತಾಗಿದ್ದಿತು. ಉರಿಯ ಸೇನಾಶಿಬಿರದ ಮೇಲೆ ನಡೆದ ಭಯೋತ್ಪಾದಕರ ದಾಳಿಯ ತರುವಾಯ ವಿರೋಧ ಬಂದುದರಿಂದ ಅದನ್ನು ಕೈಬಿಡಲಾಯಿತು. ಸೈನಿಕರ ಸಾವಿನಿಂದ ದೇಶವು ನೊಂದಿದ್ದುದು ಸಹಜವೇ. ಆದರೆ ಆ ಚಿತ್ರದಲ್ಲಿರುವ ಕಥೆ ಯಾವುದು? ಬಡ ಮೀನುಗಾರನು ಸ್ವಂತ ದೋಣಿಯೊಂದಕ್ಕಾಗಿ ಕಾಸು ಕೂಡಿಡುವುದೂ, ಸಾಲಕೊಡುವವನ ಹಿಡಿತದಿಂದ ಬಿಡಿಸಿಕೊಳ್ಳಲಾರದೆ ಒದ್ದಾಡುವುದೂ ಅಷ್ಟೆ. ಮಲ್ಪೆಯ ಅಥವಾ ಕಾರವಾರದ ಮೀನುಗಾರನು ಅದನ್ನು ನೋಡಿದ್ದರೆ ತನ್ನ ಮನೆಯ ಕಥೆಯೆಂದೇ ತಿಳಿಯುತ್ತಿದ್ದನು. ಐವತ್ತೇಳು ವರ್ಷಗಳ ಹಿಂದಿನ ಆ ದೋಣಿಗೆ ದಡ ಮುಟ್ಟಲು ಅವಕಾಶವಿಲ್ಲವೆಂದುದರಿಂದ ಯಾವ ಶತ್ರುವಿಗೆ ಹಾನಿಯಾಯಿತು?

ನೆರೆಯವರ ಚಿತ್ರಗಳಿಗೆ ಒಂದೇ ಸೂರು ಬೇಕೆಂಬುದು ಹೊಸ ಹುಚ್ಚಲ್ಲ. ಕಾಠ್ಮಂಡುವಿನಲ್ಲಿ 1997ರಿಂದ 'ಫಿಲ್ಮ್ ಸೌತ್ ಏಷ್ಯಾ' ಎಂಬ ಸಾಕ್ಷ್ಯಚಿತ್ರಗಳ ಉತ್ಸವವು ನಡೆಯುತ್ತ ಬಂದಿದೆ. ಅಮೆರಿಕೆಯ ಸಿಯಾಟಲ್ ನಗರದಲ್ಲಿಯಂತೂ ಪ್ರಾಣಭಯವೇ ಜನರನ್ನು ಒಂದುಗೂಡಿಸಿತು. 2001ರ ಸೆಪ್ಟೆಂಬರ್ 11ರ ದುರಂತದ ತರುವಾಯ ಆ ದೇಶದಲ್ಲಿ ಕಂದುಬಣ್ಣದವರೆಲ್ಲರೂ ಶಂಕೆಗೆ ಗುರಿಯಾದರು. ನಾಲ್ಕೇ ದಿನಗಳಲ್ಲಿ ಅರಿಜೋನಾ ಸಂಸ್ಥಾನದಲ್ಲಿ ಸಿಖ್ಖರೊಬ್ಬರು ಹತರಾದರು. ಕೊಲ್ಲುವವನು ಎದುರಿಗಿರುವವನ ರಾಷ್ಟ್ರವನ್ನೂ ಧರ್ಮವನ್ನೂ ವಿಚಾರಿಸಲಿಲ್ಲ. ಆಗ 2002ರಲ್ಲಿ ಫರಾ ನೌಶೀನ್, ರೀಟಾ ಮೆಹೆರ್ ಎಂಬಿಬ್ಬರು ಮಹಿಳೆಯರು 'ತಸ್ವೀರ್' ಎಂಬ ಸಂಸ್ಥೆಯನ್ನು ಕಟ್ಟಿ, ದಕ್ಷಿಣ ಏಷ್ಯದ ಚಿತ್ರಗಳನ್ನು ತೋರಿಸಲಾರಂಭಿಸಿದರು. ನೆರೆಯವರ ಮುಖವನ್ನು ನೆರೆಯವರಿಗೆ ಪರಿಚಯಪಡಿಸುವುದೇ ಅವರಿಗೆ ಅಂದು ತುರ್ತಾಗಿದ್ದ ಕೆಲಸ. ಆ ಪ್ರಾಂತದಲ್ಲಿ ಉದ್ಯೋಗಕ್ಕೆಂದು ನೆಲಸಿರುವ ಕನ್ನಡಿಗರೂ ಅನೇಕರು. ಕಡಲಾಚೆಗೆ ಹೋದ ಮಗನು ನೆರೆರಾಷ್ಟ್ರದವರ ಪಕ್ಕದಲ್ಲಿ ಕುಳಿತು ನೋಡಬಹುದಾದುದನ್ನು ಇಲ್ಲಿಯ ತಂದೆಯು ನೋಡಬಾರದೆಂಬುದು ಎಂತಹ ನ್ಯಾಯ?

ಸಂಪ್ರದಾಯವನ್ನು ಮುಂದೊಡ್ಡುವವರು ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನೇ ಓದಿಕೊಳ್ಳಲಿ. ಮೊತ್ತಮೊದಲ ನಾಟ್ಯಪ್ರಯೋಗವು ನಡೆದುದು ಇಂದ್ರಧ್ವಜದ ಉತ್ಸವದಲ್ಲಿ. ದೇವತೆಗಳ ಗೆಲುವನ್ನೂ ದೈತ್ಯರ ಸೋಲನ್ನೂ ತೋರಿದ ಆ ಪ್ರಯೋಗವನ್ನು ಕಂಡು ದೈತ್ಯರು ಕೆರಳಿ, ವಿಘ್ನರನ್ನು ಕೂಡಿಕೊಂಡು, ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಗೊಳಿಸಿದರು. ಇಂದ್ರನು ಧ್ವಜದ ದಂಡದಿಂದಲೇ ಅವರನ್ನು ಹೊಡೆದನು. ಆದರೂ ಉಳಿದ ವಿಘ್ನರ ಕಾಟವು ತಪ್ಪಲಿಲ್ಲ. ಆಗ ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿದನು. ವಿಘ್ನರನ್ನು ಸಾಮದಿಂದ ಮಾತಾಡಿಸಿ, ನಾಟ್ಯವು ನಿಮಗೆ ಮಾತ್ರವಾಗಲಿ ದೇವತೆಗಳಿಗೆ ಮಾತ್ರವಾಗಲಿ ಸೇರಿದುದಲ್ಲ, ಮೂರು ಲೋಕಗಳ ಭಾವಗಳನ್ನೂ ತೋರತಕ್ಕದ್ದು ಎಂದು ತಿಳಿಯಹೇಳಿದನು. ದೇವದೈತ್ಯರ ವೈರಕ್ಕಿಂತ ದೊಡ್ಡ ವೈರವು ಭೂಮಿಯಲ್ಲಿಲ್ಲ. ಅಲ್ಲಿಯೇ ಶಾಸ್ತ್ರವು ಬಾಗಿಲನ್ನು ತೆರೆದಿರುವಾಗ ಇಲ್ಲಿ ಅಗುಳಿ ಹಾಕುವವರಿಗೆ ಶಾಸ್ತ್ರದ ಆಶ್ರಯವಿಲ್ಲ.

ಇನ್ನು ಮೂರನೆಯದು, ಜನರು ಬರುವರೇ ಎಂಬ ಶಂಕೆ. ಬಂಗ್ಲಾದೇಶದ ತಾರೇಕ್ ಮಸೂದರೂ ಅವರ ಪತ್ನಿ ಕ್ಯಾಥರಿನ್ ಮಸೂದರೂ, 1971ರ ವಿಮೋಚನಾ ಸಮರದ ಕಾಲದಲ್ಲಿ ಅಮೆರಿಕದ ಲಿಯರ್ ಲೆವಿನ್ ತೆಗೆದಿದ್ದ ಚಿತ್ರಗಳನ್ನು ಹುಡುಕಿ ತೆಗೆದು, 1995ರಲ್ಲಿ 'ಮುಕ್ತಿರ್ ಗಾನ್' ಎಂಬ ಚಿತ್ರವನ್ನು ಹೊರತಂದರು. ಪ್ರೊಜೆಕ್ಟರನ್ನು ಹೊತ್ತು ಊರೂರಿಗೆ ಹೋಗಿ ಅದನ್ನು ತೋರಿಸಿದರು. ಅದರಲ್ಲಿ ತಾರೆಯರಿರಲಿಲ್ಲ, ಜನರು ನೆರೆದರು. ಕರ್ನಾಟಕದಲ್ಲಿಯೇ ಬೇಕಾದರೆ, 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಸಂಸ್ಥೆಯಿದೆ. ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ಅಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಕೆತೋಟಗಳ ನಡುವಣ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ನಗರದ ಪಂಡಿತರು ಗ್ರಾಮೀಣರಿಗೆ ಅರ್ಥವಾಗದೆಂದು ಯಾವುದನ್ನು ತೀರ್ಮಾನಿಸಿದ್ದರೋ ಅದನ್ನು ಗ್ರಾಮೀಣರು ಕುಳಿತು ನೋಡಿದರು. ಹಿತ್ತಿಲ ಗಿಡ ಮದ್ದಲ್ಲವೆಂಬ ಮನೋಭಾವವೇ ಈ ನಿದರ್ಶನವನ್ನು ನಾಡಿನ ಉಳಿದ ಊರುಗಳು ಅನುಸರಿಸದಿರಲು ಕಾರಣವಿರಬೇಕು.

ಬಹುಮಾನಗಳೇ ಕೂಡದೆಂದು ವಾದವಲ್ಲ. ನಾಟ್ಯಶಾಸ್ತ್ರವೇ ಪ್ರಾಶ್ನಿಕರೆಂಬ ಪರೀಕ್ಷಕರನ್ನು ಹೇಳಿದೆ. ಯಜ್ಞದ ಅಭಿನಯಕ್ಕೆ ಯಜ್ಞ ಬಲ್ಲವನೂ, ಅಂಗಸೌಷ್ಠವಕ್ಕೆ ಬಿಲ್ಲುಗಾರನೂ, ಶಬ್ದಕ್ಕೆ ವೈಯಾಕರಣನೂ ತೀರ್ಪುಗಾರರಾಗತಕ್ಕದ್ದೆಂದು ವಿಂಗಡಿಸಿದೆ. ಅಷ್ಟು ಯೋಗ್ಯತೆಯುಳ್ಳವರು ದೊರೆತಾಗ ಬಹುಮಾನವಿರಲಿ. ಸಿಯಾಟಲ್ಲಿನ ಆ ಉತ್ಸವದಲ್ಲಿ ಗೆದ್ದ ಕಿರುಚಿತ್ರಗಳು ಆಸ್ಕರ್ ಸ್ಪರ್ಧೆಗೆ ಅರ್ಹವೆಂಬ ಮಾನ್ಯತೆಯೂ ಬಂದಿದೆ. ಬಂದುದು ಸುಮಾರು ಎರಡು ದಶಕಗಳ ದುಡಿಮೆಯ ಮೇಲೆ. ಬೇರು ಇಳಿದ ಮೇಲೆ ಬಂದ ಫಲವದು. ಬೇರಿಲ್ಲದ ಕೊಂಬೆಗೆ ಕಾಗದದ ಹಣ್ಣನ್ನು ಕಟ್ಟುವುದನ್ನು ಮಾತ್ರ ಇಲ್ಲಿ ಖಂಡಿಸಲಾಗಿದೆ.

ಆದರೆ ಹವ್ಯಾಸಿಯು ಈ ಸಮರ್ಥನೆಯಿಂದ ಉಬ್ಬಿಹೋಗಬೇಕಾಗಿಲ್ಲ; ಅವನ ಮೇಲೆಯೂ ಋಣವಿದೆ. ತನ್ನ ಚಿತ್ರವನ್ನೇ ಮೆರೆಸಿ, ತನ್ನ ಗೆಳೆಯರಿಂದಲೇ ತನಗೆ ಬಿರುದು ಕೊಡಿಸಿಕೊಳ್ಳುವುದಾದರೆ ಅವನಿಗೂ ಆ ವ್ಯಾಪಾರಿಗಳಿಗೂ ಏನು ಭೇದ? ಉತ್ಸವವನ್ನು ನಡೆಸುವವನು ಬಡಿಸುವವನು. ಬಡಿಸುವವನು ಕೊನೆಯ ಪಂಕ್ತಿಯಲ್ಲಿ ಉಣ್ಣುವುದು ಈ ನಾಡಿನ ರೂಢಿ. ಅವನ ಚಿತ್ರವು ಸ್ಪರ್ಧೆಯಿಲ್ಲದೆ ಕಡೆಗೆ ಬರಲಿ. ಎರಡು ದಿನಕ್ಕೆ ಹತ್ತು ಚಿತ್ರಗಳು ಸಾಕು. ಪ್ರತಿಯೊಂದಕ್ಕೂ ಹಕ್ಕುಳ್ಳವರಿಂದ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ಅಂಗಡಿಯಲ್ಲಿ ಕೊಂಡ ಡಿಸ್ಕು ಮನೆಯಲ್ಲಿ ನೋಡುವುದಕ್ಕೆ, ಸಭೆಯಲ್ಲಿ ತೋರುವುದಕ್ಕಲ್ಲ. ಪ್ರಮಾಣಪತ್ರವಿಲ್ಲದ ಚಿತ್ರಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಮುಂಚಿತವಾಗಿ ವಿನಾಯಿತಿಯನ್ನು ಕೇಳತಕ್ಕದ್ದು; 1952ರ ಸಿನೆಮಾಟೋಗ್ರಾಫ್ ಕಾಯಿದೆಯನ್ನು ಅರಿಯದೆ ಹೊರಟವನು ವಿಘ್ನರನ್ನು ತಾನೇ ಕರೆದಂತಾಗುವುದು. ಹಿಂದಿನ ದಿನವೇ ಸಭಾಂಗಣದಲ್ಲಿ ಬೆಳಕನ್ನೂ ಧ್ವನಿಯನ್ನೂ ಪರೀಕ್ಷಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆ. ಸಿಂಹಳದ ಮಾತಿಗೆ ಇಂಗ್ಲಿಷಿನ ಅಡಿಬರಹವನ್ನು ಕೊಟ್ಟು ಕನ್ನಡದ ಊರಿನಲ್ಲಿ ತೋರಿಸಿದರೆ ಒಂದು ಬಾಗಿಲು ತೆರೆದು ಇನ್ನೊಂದನ್ನು ಮುಚ್ಚಿದಂತೆಯೇ. ಕನ್ನಡದ ಅಡಿಬರಹ ಸಾಧ್ಯವಾದರೆ ಅದು ಉತ್ತಮ. ಆಗದಿದ್ದರೆ ಕಥಾಸಾರವನ್ನು ಒಂದು ಪುಟದಲ್ಲಿ ಅಚ್ಚುಹಾಕಿಸಿ ಹಂಚುವುದಕ್ಕೂ, ಮೊದಲು ಐದು ನಿಮಿಷ ಬಾಯಲ್ಲಿ ವಿವರಿಸುವುದಕ್ಕೂ ಹೆಚ್ಚು ಖರ್ಚಿಲ್ಲ. ಚಿತ್ರವು ಮುಗಿದೊಡನೆ ಹಾರತುರಾಯಿಗಳನ್ನು ತರಿಸದೆ ಅರ್ಧ ಗಂಟೆ ಮಾತುಕತೆಗೆ ಬಿಡಬೇಕು. ಕೊನೆಗೆ ಆಯವ್ಯಯದ ಲೆಕ್ಕವನ್ನು ಬಾಗಿಲ ಬಳಿ ಅಂಟಿಸಬೇಕು.

ದೇವಾಲಯದಲ್ಲಿ ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಒಳಗೆ ಬರಲಾರದ ಮುದುಕರಿಗೂ ಮಕ್ಕಳಿಗೂ ದರ್ಶನವಾಗಲೆಂದೇ ಉತ್ಸವಮೂರ್ತಿಯು ಬೀದಿಗೆ ಬರುತ್ತದೆ. ಉತ್ಸವವೆಂಬ ಹೆಸರು ಸಾರ್ಥಕವಾಗುವುದು ಆ ಬೀದಿಯಲ್ಲಿ. ಹೊಲದ ಕೆಲಸ ಮುಗಿಸಿ ಬಂದ ಒಬ್ಬ ಮುದುಕಿಯು ಹಿಂದಿನ ಸಾಲಿನಿಂದ ಎದ್ದು, 'ಆ ಹುಡುಗನನ್ನು ಊರು ಬಿಡಿಸಿದೆಯಲ್ಲಪ್ಪ, ಅವನ ತಾಯಿ ಏನಾದಳು ಎಂದು ಏಕೆ ತೋರಿಸಲಿಲ್ಲ?' ಎಂದು ಕೇಳಿದರೆ, ಆ ಒಂದು ಪ್ರಶ್ನೆಯಿಂದ ತರುಣನು ಕಲಿಯುವಷ್ಟನ್ನು ಹತ್ತು ಸಾವಿರ ರೂಪಾಯಿಯ ಬಿರುದುಗಳು ಕಲಿಸಲಾರವು. ಅಂಥ ಪ್ರಶ್ನೆಯನ್ನು ಕೇಳಬಲ್ಲವರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಅವರಿಗೆ ಒಂದು ಕುರ್ಚಿಯನ್ನು ಹಾಕಿ ಕರೆಯತಕ್ಕ ಹೊಣೆಯು ಹವ್ಯಾಸಿಯದು. ಸಭಾಂಗಣದ ಬೀಗದ ಕೈಯನ್ನು ಅವನಿಗೆ ಕೊಡತಕ್ಕ ಹೊಣೆಯು ಊರಿನ ಹಿರಿಯರದು.