ಹಳೇ ಫೋನ್ ಒಗೀಬ್ಯಾಡ್ರಿ

ಹಳೇ ಸೀರಿಲೆ ಕೌದಿ ಹೊಲಿಯೋ ಮಂದಿ ನಾವು, ಫೋನ್ ಮಾತ್ರ ಯಾಕ ಒಗೀಬೇಕ್ರಿ? ಕಂಪನಿ ಅಪ್‌ಡೇಟ್ ನಿಲ್ಲಿಸಿದ ನನ್ನ ಫೋನಿಗೆ ಮಗ ತಾನ ಹೊಂದಿಸಿ ಲಿನಿಯೇಜ್ ಓಎಸ್ ಹಾಕಿದ. 2016ರಾಗ ಸಯನೋಜೆನ್‌ಮಾಡ್ ನಿಂತಾಗ ಆಸಕ್ತರು ಈ ಹೆಸರಿಲೆ ಮುಂದುವರಿಸಿದ ಪುಕ್ಕಟೆ ಆಂಡ್ರಾಯ್ಡ್ ಅದು. ಫೋನ್ ಚಲೋ ಓಡ್ತು, ಕ್ಯಾಮೆರಾ ಮಾತ್ರ ಕಪ್ಪು! ಡ್ರೈವರ್ ಅಂದ್ರ ಫೋನಿಗೂ ಕ್ಯಾಮೆರಾಕ್ಕೂ ನಡುವಿನ ದುಭಾಷಿ ಇದ್ದಂಗ. ಅದರ ಕೋಡ್ ಕಂಪನಿಯವ್ರು ಮುಚ್ಚಿಟ್ಟಿದ್ರು. ಎರಡು ರಾತ್ರಿ ಕೂತು, ಹಳೇ ಸಾಫ್ಟ್‌ವೇರಿನ್ಯಾಗಿನ ಫೈಲ್ ತಗದು ಹಾಕಿದ ಮ್ಯಾಲ ಕಣ್ಣು ಬಿಡ್ತು. ನಮ್ಮ ರೊಕ್ಕದ ಫೋನಿನ ಕೀಲಿ ನಮ್ಮ ಕೈಯಾಗ ಇರಬ್ಯಾಡೇನು?

ಒಂದ ಮಾತು: ಬೂಟ್‌ಲೋಡರ್ ಬಿಚ್ಚಿದ್ರ ಫೋನಿನ್ಯಾಗಿಂದೆಲ್ಲಾ ಅಳಸಿ ಹೋಗ್ತದ. ಅವ್ವನ ಕಡೀ ಫೋಟೋ ನಾ ಹಂಗ ಕಳಕೊಂಡೆ. ನೀವು ಮೊದಲ ಬ್ಯಾರೆ ಕಡೆ ತಗದಿಟ್ಕೋರಿ.