ಗಾಲಿ ಕಟ್ಟುವ ಕೈಗಳಿಗೆ ಕಲಿಕೆಯ ನೆಲೆ ಬೇಕು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಮಳೆಗಾಲ ಸೈಕಲ್ಲಿಗೆ ಕಠಿಣ ಪರೀಕ್ಷೆ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ರಸ್ತೆಗಳಲ್ಲಿ ನೀರು ತುಂಬಿದ ಗುಂಡಿಯ ಆಳ ಮೇಲಿನಿಂದ ಗೊತ್ತಾಗುವುದಿಲ್ಲ. ಗಾಲಿ ದಡಕ್ಕನೆ ಇಳಿದರೆ ರಿಮ್ ಸೊಟ್ಟಗಾಗುತ್ತದೆ, ಒಂದೆರಡು ಕಡ್ಡಿ ಮುರಿಯುತ್ತವೆ. ಆ ಸೊಟ್ಟನ್ನು, ಅಂದರೆ ‘ಔಟ್’ ಅನ್ನು, ತೆಗೆಯಬಲ್ಲ ಕೈ ಹತ್ತಿರದಲ್ಲಿದ್ದರೆ ಅದು ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ, ಉಳಿದೆಲ್ಲ ಭಾಗ ಗಟ್ಟಿಮುಟ್ಟಾಗಿರುವ ಸೈಕಲ್ಲು ಪಡಸಾಲೆಯ ಮೂಲೆ ಸೇರುತ್ತದೆ. ಅದರ ಮೇಲೆ ಶಾಲೆಗೆ ಹೋಗುತ್ತಿದ್ದ ಹುಡುಗಿ ಮತ್ತೆ ನಡೆಯತೊಡಗುತ್ತಾಳೆ.

ಶಾಲಾ ಮಕ್ಕಳಿಗೆ ಸೈಕಲ್ಲು ಹಂಚುವ ವಿಷಯದಲ್ಲಿ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಹಂಚಿದ ಸೈಕಲ್ಲಿನ ಗಾಲಿಯನ್ನು ಸರಿಯಾಗಿ ಕಟ್ಟಬಲ್ಲವರು ಯಾರು, ಅವರಿಗೆ ಆ ಕೆಲಸ ಕಲಿಸುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ.

ಸೈಕಲ್ ಗಾಲಿ ನೋಡಲು ಸರಳ. ಅದರೊಳಗಿನ ಲೆಕ್ಕ ಸರಳವಲ್ಲ. ಎತ್ತಿನ ಗಾಡಿಯಲ್ಲಿ ದಪ್ಪ ಮರದ ಅರಗಳು ಭಾರವನ್ನು ಕಂಬದಂತೆ ಹೊರುತ್ತವೆ. ತಂತಿಯ ಕಡ್ಡಿಗೆ ಆ ಶಕ್ತಿಯಿಲ್ಲ, ಒತ್ತಿದರೆ ಬಾಗುತ್ತದೆ. ಆದ್ದರಿಂದ ಪ್ರತಿ ಕಡ್ಡಿಯನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಸವಾರ ಕೂತಾಗ ನೆಲದ ಕಡೆಗಿರುವ ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ. ಗಾಲಿ ಉರುಳಿದಂತೆ ಮತ್ತೆ ಏರುತ್ತದೆ. ಮೊದಲೇ ಸಡಿಲವಾಗಿರುವ ಕಡ್ಡಿ ಈ ಏರಿಳಿತವನ್ನು ಬಹಳ ಕಾಲ ತಾಳುವುದಿಲ್ಲ. ಹಬ್‌ನ ರಂಧ್ರದ ಬಳಿ ಅದು ಬಾಗಿರುವ ಜಾಗದಲ್ಲೇ ಒಂದು ದಿನ ತುಂಡಾಗುತ್ತದೆ. ಜೋಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರಲ್ಲಿ ಸೈಕಲ್ ಗಾಲಿಯ ಮೇಲೆಯೇ ಒಂದು ಇಡೀ ಪುಸ್ತಕ ಬರೆದು ಇದನ್ನೆಲ್ಲ ಲೆಕ್ಕ ಸಮೇತ ವಿವರಿಸಿದರು.

ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಹಳೆಯ ಮಾದರಿಯ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಹಿಂದಿನ ಗಾಲಿ ಕಟ್ಟುವಾಗ ಹಬ್‌ನ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಕಡ್ಡಿ ಏರಿಸಬೇಕು. ಅವುಗಳಲ್ಲಿ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ವಾಲಿ ಒಂದನ್ನೊಂದು ಅಡ್ಡ ಹಾಯಬೇಕು. ಪೆಡಲ್ ತುಳಿದಾಗ ಹಬ್‌ನ ತಿರುಚು ರಿಮ್‌ಗೆ ತಲುಪುವುದು ಈ ಓರೆ ಜೋಡಣೆಯಿಂದಲೇ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಖಾನಾಪುರದ ಸಂತೆಗೆ ಬರುವ ಸೈಕಲ್ಲಿನಲ್ಲೂ ಇಂದಿಗೂ ಅದೇ ಕ್ರಮ.

ಇಷ್ಟು ಸೂಕ್ಷ್ಮದ ಕೆಲಸಕ್ಕೆ ಬೇಕಾದ ಮುಖ್ಯ ಉಪಕರಣ ಅಂಗೈಯಲ್ಲಿ ಅಡಗುವಂಥದ್ದು: ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ತಿರುಗಿಸುವ ಪುಟ್ಟ ಪಾನಾ. ಅನುಕೂಲವಿರುವ ಅಂಗಡಿಗಳಲ್ಲಿ ಗಾಲಿ ಕೂರಿಸುವ ಸ್ಟ್ಯಾಂಡು, ಬಿಗಿ ಅಳೆಯುವ ಮೀಟರು ಇರುತ್ತವೆ. ಉಳಿದೆಡೆ ಸೈಕಲ್ಲನ್ನು ತಲೆಕೆಳಗಾಗಿಸಿ ಫೋರ್ಕನ್ನೇ ಸ್ಟ್ಯಾಂಡ್ ಮಾಡಿಕೊಳ್ಳುತ್ತಾರೆ. ತಿರುಗುವ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದರೆ ಉಬ್ಬಿದ ಜಾಗದಲ್ಲಷ್ಟೇ ಬಿಳಿ ಗೆರೆ ಬೀಳುತ್ತದೆ. ರಿಮ್ ಬಲಕ್ಕೆ ವಾಲಿದ್ದರೆ ಅಲ್ಲಿ ಬಲಬದಿಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ, ಎಡಬದಿಯದನ್ನು ಕಾಲು ಸುತ್ತು ಬಿಗಿಯಬೇಕು. ಅವಸರಕ್ಕೆ ಒಂದೇ ಕಡ್ಡಿಯನ್ನು ಪೂರ್ತಿ ಬಿಗಿದರೆ ಸೊಟ್ಟ ಇನ್ನೊಂದು ಕಡೆ ಏಳುತ್ತದೆ. ಪಳಗಿದವರು ಕಡ್ಡಿಗಳನ್ನು ಬೆರಳಿನಿಂದ ಮಿಡಿದು, ಒಂದೇ ಬದಿಯವು ಒಂದೇ ಸ್ವರ ಕೊಡುತ್ತವೆಯೇ ಎಂದು ಕೇಳುತ್ತಾರೆ. ಕೊನೆಗೆ ಜೋಡಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಚುಕಿ, ತಮ್ಮ ಜಾಗದಲ್ಲಿ ಕೂರಿಸಿ, ಮತ್ತೊಮ್ಮೆ ಔಟ್ ನೋಡುತ್ತಾರೆ.

ಈ ವಿದ್ಯೆಗೆ ಬೆಳಗಾವಿ ಹೊಸದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಅವರ ಅಣ್ಣ ಬೆಳಗಾವಿಯಲ್ಲಿ ನಡೆಸಿದ ಸೈಕಲ್ ಮಾರಾಟ ಮತ್ತು ದುರಸ್ತಿಯ ಅಂಗಡಿಯೇ ಕಿರ್ಲೋಸ್ಕರ್ ಉದ್ಯಮದ ಮೂಲ. ಉದ್ಯಮ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವ 1888ರಲ್ಲೇ ಡನ್ಲಪ್ ಎಂಬವರು ಗಾಳಿ ತುಂಬುವ ಟಯರಿಗೆ ಪೇಟೆಂಟ್ ಪಡೆದಿದ್ದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು; 1910ರಲ್ಲಿ ಬೆಳಗಾವಿಯ ಹೊರಗೆ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ಕಿರ್ಲೋಸ್ಕರರು ಹೋದರೂ ಲೋಹದ ಕೆಲಸ ಬೆಳಗಾವಿಯಲ್ಲೇ ಬೇರೂರಿತು. ಉದ್ಯಮಬಾಗ್, ಮಚ್ಛೆಯ ಎರಕದ ಕಾರ್ಖಾನೆಗಳೇ ಇದಕ್ಕೆ ಸಾಕ್ಷಿ. ಗಾಲಿ ಕೂರಿಸುವ ಒಂದು ಸ್ಟ್ಯಾಂಡ್ ತಯಾರಿಸುವುದು ಈ ಊರಿಗೆ ದೊಡ್ಡ ಮಾತೇ ಅಲ್ಲ.

ಸಿದ್ಧ ಗಾಲಿ ಪೇಟೆಯಲ್ಲಿ ಸಿಗುವಾಗ ಕೈಯಿಂದ ಯಾಕೆ ಕಟ್ಟಬೇಕು ಎಂದು ಕೇಳುವವರಿದ್ದಾರೆ. ಮುರಿದ ಎರಡು ಕಡ್ಡಿಗಾಗಿ ಇಡೀ ಗಾಲಿ ಕೊಳ್ಳುವ ಶಕ್ತಿ ಕೂಲಿಕಾರರ ಮನೆಗಿಲ್ಲ. ಹೊಸ ಗಾಲಿಗೂ ಸ್ವಲ್ಪ ಕಾಲ ಓಡಿದ ಮೇಲೆ ಒಮ್ಮೆ ಬಿಗಿ ನೋಡಿಸಬೇಕು. ಬೆಳಗಾವಿಯ ಯುವಕರು ಕೊಳ್ಳುತ್ತಿರುವ ಗೇರ್ ಸೈಕಲ್ಲಿಗಂತೂ ಇನ್ನೂ ನುರಿತ ಕೈ ಬೇಕು. ಅದರ ಹಿಂದಿನ ಗಾಲಿಯಲ್ಲಿ ಗೇರಿನ ಹಲ್ಲುಚಕ್ರಗಳು ಜಾಗ ತಿನ್ನುವುದರಿಂದ ಬಲಬದಿಯ ಕಡ್ಡಿಗಳು ಎಡಬದಿಗಿಂತ ಹೆಚ್ಚು ಬಿಗಿ ಇರಬೇಕಾಗುತ್ತದೆ. ಅಂದರೆ ಈ ಕೆಲಸಕ್ಕೆ ಗಿರಾಕಿ ಇದ್ದಾರೆ, ಸಂಪಾದನೆಯೂ ಇದೆ. ಕೊರತೆ ಇರುವುದು ಕ್ರಮಬದ್ಧ ಕಲಿಕೆಯದು. ಅಂಗಡಿಯ ಹಿರಿಯರ ಪಕ್ಕದಲ್ಲಿ ಕೂತು, ನೋಡಿ ಕಲಿಯುವುದೊಂದನ್ನೇ ನಂಬಿದ ವಿದ್ಯೆ ಅಂಗಡಿ ಮುಚ್ಚಿದ ದಿನವೇ ಮುಗಿಯುತ್ತದೆ.

ಕೈಕಸುಬನ್ನು ಸಂಸ್ಥೆಯಲ್ಲಿ ಕಲಿಸಬಹುದೆಂಬುದಕ್ಕೆ ಖಾನಾಪುರವೇ ಉದಾಹರಣೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದು ಇದೇ ಊರಿನಲ್ಲಿ. ಕುಂಬಾರರ ತಿಗರಿಗೆ ಸಿಕ್ಕ ಮನ್ನಣೆ ಸೈಕಲ್ ಗಾಲಿಗೂ ಸಿಗಲಿ. ಸರ್ಕಾರಿ ಐಟಿಐಗಳಲ್ಲಿ ಕೆಲವು ವಾರಗಳ ತರಬೇತಿ ನಡೆಯಲಿ, ಪಳಗಿದ ಸೈಕಲ್ ಅಂಗಡಿಯವರನ್ನೇ ಗೌರವಧನ ಕೊಟ್ಟು ಶಿಕ್ಷಕರಾಗಿ ಕರೆಯಲಿ, ಹುಡುಗಿಯರಿಗೂ ಅಲ್ಲಿ ಜಾಗವಿರಲಿ.

ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ 2006–07ರಲ್ಲಿ ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಅದು ಮತ್ತೆ ಬರಬೇಕು. ಬರುವಾಗ ಪ್ರತಿ ಪ್ರೌಢಶಾಲೆಗೂ ಒಂದಿಷ್ಟು ಕಡ್ಡಿ, ನಿಪ್ಪಲ್, ಒಂದು ಪಾನಾ ಮತ್ತು ಅದನ್ನು ಹಿಡಿಯಲು ಕಲಿತ ಒಬ್ಬರ ಸೇವೆಯನ್ನೂ ಯೋಜನೆಯಲ್ಲೇ ಸೇರಿಸಬೇಕು. ಬೆಳಗಾವಿ ಜಿಲ್ಲಾಡಳಿತ ಇದನ್ನು ಮೊದಲು ಖಾನಾಪುರ ತಾಲ್ಲೂಕಿನಲ್ಲಿ ಮಾಡಿ ತೋರಿಸಲಿ.