ನಿಧಿ ಸೂಜಿಯಲ್ಲಿಲ್ಲ, ದುಡಿಯುವ ಕೈಯಲ್ಲಿದೆ

2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ವಿಚಿತ್ರ ವದಂತಿಯೊಂದು ಹಬ್ಬಿತು. ಹಳೆಯ ಸಿಂಗರ್ ಹೊಲಿಗೆ ಯಂತ್ರಗಳ ಸೂಜಿಯಲ್ಲಿ ‘ಕೆಂಪು ಪಾದರಸ’ವಿದೆ, ಅದರಿಂದ ಜಿನ್ನ್‌ಗಳನ್ನು ಕರೆಯಬಹುದು, ಹೂತಿಟ್ಟ ನಿಧಿಯನ್ನು ಪತ್ತೆ ಹಚ್ಚಬಹುದು, ಅಣುಬಾಂಬಿಗೂ ಅದು ಬೇಕು ಎಂದು ಜನರು ಮಾತಾಡಿಕೊಂಡರು. ಸೂಜಿಯ ಬಳಿ ಮೊಬೈಲ್ ಹಿಡಿದಾಗ ಕರೆ ಕಡಿದುಹೋದರೆ ಪಾದರಸವಿದೆ ಎಂಬ ‘ಪರೀಕ್ಷೆ’ಯೂ ಹುಟ್ಟಿಕೊಂಡಿತು. ಮೂಲೆಗೆ ಸೇರಿದ್ದ ಯಂತ್ರಗಳಿಗೆ ಎರಡು ಲಕ್ಷ ರಿಯಾಲ್‌ಗಳವರೆಗೆ ಬೆಲೆ ಕೇಳಿಬಂತು. ಯಂತ್ರಗಳಿಗಾಗಿ ಹೊಲಿಗೆ ಅಂಗಡಿಗಳಲ್ಲಿ ಕಳ್ಳತನವೂ ನಡೆಯಿತು. ಕೊನೆಗೆ ಪೊಲೀಸರೇ ತನಿಖೆಗೆ ಇಳಿಯಬೇಕಾಯಿತು.

ಕೆಂಪು ಪಾದರಸವೆಂಬ ವಸ್ತು ಇದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಅದಿರಲಿ, ಸೂಜಿ ಮೊಂಡಾದಾಗಲೆಲ್ಲ ಬದಲಾಯಿಸುವ ವಸ್ತು ಎಂಬುದು ಹೊಲಿಯುವ ಯಾವ ಹೆಣ್ಣುಮಗಳಿಗೆ ತಿಳಿದಿಲ್ಲ? ನೂರು ವರ್ಷದ ಯಂತ್ರದಲ್ಲಿರುವುದು ಕಳೆದ ವಾರ ಅಂಗಡಿಯಿಂದ ತಂದ ಸೂಜಿಯಾಗಿರಬಹುದು. ಇಷ್ಟು ಸರಳ ಸತ್ಯವನ್ನೂ ದುರಾಸೆ ಮರೆಸಿತು. ಮಾಟ, ತಾಯಿತ, ನಿಧಿಶೋಧದ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ನಡೆಯುವ ವಂಚನೆಯೂ ಇದೇ ಜಾತಿಯದು.

ಹಾಗೆಂದು ಹಳೆಯ ಹೊಲಿಗೆ ಯಂತ್ರ ಬೆಲೆಯಿಲ್ಲದ್ದೇನಲ್ಲ. ಯಂತ್ರ ನಾಗರಿಕತೆಯ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್‌ನ ಬೃಹತ್ ಕಾರ್ಖಾನೆ 1980ರಲ್ಲೇ ಮುಚ್ಚಿತು; ಅಲ್ಲಿ ತಯಾರಾದ ಯಂತ್ರಗಳು ಇಂದಿಗೂ ಹೊಲಿಯುತ್ತಿವೆ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಉಷಾ ಯಂತ್ರವಂತೂ ನಮ್ಮ ಅದೆಷ್ಟೋ ಮನೆಗಳಲ್ಲಿ ಮಕ್ಕಳ ಶಾಲಾ ಶುಲ್ಕವನ್ನೂ ಮನೆಬಾಡಿಗೆಯನ್ನೂ ದುಡಿದುಕೊಟ್ಟಿದೆ.

ಇಂದು ಇವುಗಳಿಗೆ ಎರಡು ಗತಿ. ಒಂದೋ ತೂಕದ ಲೆಕ್ಕದಲ್ಲಿ ಗುಜರಿ, ಇಲ್ಲವೇ ಶ್ರೀಮಂತರ ಹಜಾರದ ಅಲಂಕಾರ. ಬ್ರಿಟನ್ನಿನ ಬಟ್ಟೆ ಕಂಪೆನಿಯೊಂದು ತನ್ನ ಮಳಿಗೆಗಳ ಗಾಜಿನ ಕಿಟಕಿಗಳ ತುಂಬ ಹಳೆಯ ಯಂತ್ರಗಳನ್ನು ಸಾಲಾಗಿ ಜೋಡಿಸಿಟ್ಟಿತು. ನೋಡಲು ಚೆಂದವೇ. ಆದರೆ ಹೊಲಿಯಬಲ್ಲ ಯಂತ್ರ ಹೊಲಿಯದೆ ನಿಲ್ಲುವುದು, ದುಡಿಯಬಲ್ಲವನು ಕೆಲಸವಿಲ್ಲದೆ ಕೂತಂತೆ.

ಇವುಗಳ ದುರಸ್ತಿ ಅಸಾಧ್ಯವೇನಲ್ಲ. ವರ್ಷಗಟ್ಟಲೆ ಬಳಸದ ಯಂತ್ರ ತಿರುಗದಿದ್ದರೆ ಅದು ಮುರಿದಿದೆ ಎಂದೇ ಅರ್ಥವಲ್ಲ. ಹೆಚ್ಚಾಗಿ ಒಣಗಿದ ಎಣ್ಣೆ ಅಂಟಾಗಿ ಬಿಗಿದಿರುತ್ತದೆ. ಸಂದುಗಳಿಗೆ ಸೀಮೆಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಚಕ್ರವನ್ನು ಮೆಲ್ಲಗೆ ಹಿಂದೆಮುಂದೆ ಅಲುಗಿಸಬೇಕು. ಒಳಗೆ ಸೇರಿದ ನೂಲಿನ ಕಸವನ್ನು ತೆಗೆದು, ಬಳಿಕ ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಅಡುಗೆ ಎಣ್ಣೆ ಮತ್ತೆ ಅಂಟಾಗುತ್ತದೆ. ಹೊನ್ನಿನ ಬಣ್ಣದ ಚಿತ್ತಾರವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಅಳಿಸಿಹೋಗುತ್ತದೆ. ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಕತ್ತರಿಸಿ ಜೋಡಿಸಬಹುದು. ಅನೇಕ ಹಳೆಯ ಮಾದರಿಗಳಿಗೆ ಇಂದಿನ ಸಾಮಾನ್ಯ ಸೂಜಿಯೇ ಸಾಕು. ವಿದ್ಯುತ್ತಿನ ಹಂಗೂ ಇಲ್ಲ.

ಆದರೆ ಇದನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವೂ ಇದೆ. ಅರ್ಹರು ಅದನ್ನು ಪಡೆಯಲೇಬೇಕು. ರಾಜಕಾರಣಿಗಳೂ ಸಂಘ ಸಂಸ್ಥೆಗಳೂ ವೇದಿಕೆಯಲ್ಲಿ ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳುವುದೂ ವಾಡಿಕೆಯಾಗಿದೆ. ಆದರೆ ಆ ಯಂತ್ರ ಆರು ತಿಂಗಳಲ್ಲಿ ಕೆಟ್ಟು ನಿಂತರೆ ಸರಿಪಡಿಸುವವರು ಯಾರು? ವಿತರಣೆಗೆ ಸಮಾರಂಭವಿದೆ, ದುರಸ್ತಿಗೆ ವ್ಯವಸ್ಥೆಯಿಲ್ಲ.

ಈ ಕೊರತೆಯನ್ನು ನಮ್ಮ ಜಮಾಅತ್‌ಗಳೇ ತುಂಬಬಾರದೇಕೆ? ಮೊಹಲ್ಲಾದ ಮನೆಗಳಲ್ಲಿ ತುಕ್ಕು ಹಿಡಿಯುತ್ತಿರುವ ಯಂತ್ರಗಳನ್ನು ಸಂಗ್ರಹಿಸಲಿ. ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ಗೌರವಧನ ನೀಡಿ, ನಾಲ್ಕಾರು ಯುವಕ ಯುವತಿಯರಿಗೆ ದುರಸ್ತಿ ಕಲಿಸಲಿ. ಸಿದ್ಧವಾದ ಯಂತ್ರವನ್ನು ವಿಧವೆಗೋ ಪರಿತ್ಯಕ್ತೆಗೋ ಮೌನವಾಗಿ ತಲುಪಿಸಲಿ. ವೇದಿಕೆ ಬೇಡ, ಬ್ಯಾನರ್ ಬೇಡ. ಸ್ವತಃ ತಮ್ಮ ಬಟ್ಟೆಗೆ ತೇಪೆ ಹಾಕುತ್ತಿದ್ದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಸೂಜಿ ಹಿಡಿಯುವುದು ಕೀಳು ಕೆಲಸವಾಗಬಾರದು.

ಸೂಜಿಯಲ್ಲಿ ನಿಧಿ ಹುಡುಕಿದವರಿಗೆ ಏನೂ ದಕ್ಕಲಿಲ್ಲ. ಸೂಜಿಗೆ ನೂಲು ಪೋಣಿಸಿದವರ ಮನೆಯಲ್ಲಿ ಒಲೆ ಉರಿದಿದೆ. ನಮ್ಮ ಮಕ್ಕಳಿಗೆ ಯಾವುದನ್ನು ಕಲಿಸುತ್ತೇವೆ ಎಂಬುದನ್ನು ನಾವೇ ತೀರ್ಮಾನಿಸಬೇಕು.